ರಟ್ಟಿನ ಗೋಡೆಯ ಬಿಸಿಲು

ಆ ಬೇಸಿಗೆ ಭೀಮಬಾಯಿಯ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ನೂಕಿದರೆ ಎಡಕ್ಕೆ ರಟ್ಟಿನ ಹಾಳೆಗಳ ಒಟ್ಟಲು, ಬಲಕ್ಕೆ ಹಳೆ ಪೇಪರು ನೆನೆಹಾಕಿದ ಬಕೀಟು, ನಡುವೆ ಮೈದಾ ಅಂಟಿನ ಪಾತೇಲಿ. ಪಾತೇಲಿಯಾದರೂ ಎಂಥದ್ದು? ಭೀಮಬಾಯಿ ಪ್ರತಿ ಬೇಸಿಗೆಯಲ್ಲಿ ಸಂಡಿಗೆಯ ಹಿಟ್ಟು ಕುದಿಸುತ್ತಿದ್ದ ದಪ್ಪ ತಳದ ಪಾತೇಲಿ.

“ತ್ರಿವೇಣಿ, ಇದು ನನಗ ತಿರುಗಿ ಸಿಗತದೋ, ಇಲ್ಲಾ ಇದೂ ಗ್ವಾಡಿಗೆ ಹತ್ತತದೋ?”

“ಸಿಗತದ್ರಿ ಅತ್ತಿ. ತಿಕ್ಕಿ ಕೊಡ್ತೀನಿ.” ಸೊಸೆ ತಲೆ ಎತ್ತಲಿಲ್ಲ.

“ಹ್ವಾದ ವರ್ಷನೂ ಹಿಂಗೇ ಅಂದಿದ್ದಿ. ಸಂಡಿಗಿ ತಿಂದೋರ ಬಾಯಾಗ ಪೇಪರಿನ ಸುದ್ದಿ ಬರಾಕತ್ತಿತ್ತು.”

ಓದುತ್ತ ಕೂತಿದ್ದ ಮೊಮ್ಮಗಳು ಮಾಯಾ ಪುಸ್ತಕದ ಹಿಂದೆ ನಕ್ಕಳು. ತ್ರಿವೇಣಿಗೂ ನಗು ಬಂತು. ಆದರೆ ಅವಳ ಬೆರಳು ಒದ್ದೆ ರಟ್ಟಿನ ಮೇಲ್ಪದರವನ್ನು ಸುಲಿಯುತ್ತಿತ್ತು, ಅರ್ಧಕ್ಕೆ ಬಿಡುವ ಹಾಗಿರಲಿಲ್ಲ.

ಕಪನೂರಿನ ರಸ್ತೆಯ ಮಗ್ಗುಲ ಓಣಿಯ ಆ ಮನೆಗೆ ರಟ್ಟು ಹೊಸದೇನಲ್ಲ. ಭೀಮಬಾಯಿಯ ಗಂಡ ಮಹಾದೇವಪ್ಪ ಕಪನೂರಿನ ಒಂದು ರಟ್ಟಿನ ಡಬ್ಬಿಯ ಕಾರ್ಖಾನೆಯಲ್ಲಿ ಹಾಳೆ ಒಟ್ಟುವ ಕೆಲಸ ಮಾಡಿಯೇ ಮುದುಕನಾದವನು. ಈಗಲೂ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಹೋಗಿ, ಹಳೆಯ ಗೆಳೆಯರ ಹತ್ತಿರ ಕತ್ತರಿಸಿ ಉಳಿದ ತುಂಡುಗಳನ್ನು ಇಸಿದುಕೊಂಡು ಬರುತ್ತಾನೆ. ಸೊಸೆಗೆ ಆ ತುಂಡುಗಳೆಂದರೆ ಹಬ್ಬ. ತ್ರಿವೇಣಿ ಕಮಲಾಪುರದ ಹುಡುಗಿ. ಮದುವೆಗೆ ಮೊದಲು ಡ್ರಾಯಿಂಗ್ ಕೋರ್ಸು ಮುಗಿಸಿದ್ದಳು. ಮಾಸ್ತರಿಣಿಯ ನೌಕರಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವಷ್ಟರಲ್ಲಿ ಮದುವೆ, ಬಾಣಂತನ, ರೊಟ್ಟಿ, ಮುಸುರೆ ಎಲ್ಲ ಬಂದವು, ನೌಕರಿ ಬರಲಿಲ್ಲ.

ಮಾವ ರದ್ದಿ ಎಂದು ಒಲೆಗೆ ಹಾಕಲು ತಂದ ರಟ್ಟನ್ನು ಅವಳು ಒಲೆಗೆ ಹಾಕದೆ ಎತ್ತಿಟ್ಟುಕೊಂಡಾಗ ಇದು ಶುರುವಾಯಿತು. ರಟ್ಟಿನ ಹೊರಪದರ ಸುಲಿದರೆ ಒಳಗೆ ಅಲೆಅಲೆಯ ಕಾಗದ ಸಿಗುತ್ತದೆ. ಅದನ್ನು ಪಟ್ಟಿಯಾಗಿ ಕತ್ತರಿಸಿ, ಕೆಲವನ್ನು ಸುರುಳಿ ಸುತ್ತಿ, ಕೆಲವನ್ನು ಅಂಚಿನ ಮೇಲೆ ನಿಲ್ಲಿಸಿ, ದಪ್ಪ ರಟ್ಟಿನ ಹಲಗೆಗೆ ಅಂಟಿಸುತ್ತಾಳೆ. ಸಂದಿಗಳಿಗೆ ಅರೆದ ಪೇಪರಿನ ಮುದ್ದೆ ತುಂಬುತ್ತಾಳೆ. ಒಂದು ಕಡೆ ಗೇಣೆತ್ತರದ ಏರು, ಅದರ ಮಗ್ಗುಲಿಗೇ ಬೆರಳು ಆಡುವಷ್ಟು ತಗ್ಗು. ಕೊನೆಗೆ ಎಲ್ಲದಕ್ಕೂ ಬರೀ ಬಿಳಿ ಬಣ್ಣ. ಅದರಲ್ಲಿ ಮುಖವಿಲ್ಲ, ಹೂವಿಲ್ಲ, ನವಿಲಿಲ್ಲ.

“ನಿನ್ನ ಸೊಸಿ ಏನು ಮಾಡಾಕತ್ಯಾಳವ್ವ? ಗೀಜಗನ ಗೂಡೇನು?” ಎಂದು ಎದುರುಮನೆಯ ಅಂಬಮ್ಮ ಕೇಳಿದಳು. ಭೀಮಬಾಯಿ ಒಳಗೆ ಬಂದು ಸೊಸೆಯನ್ನೇ ಕೇಳಿದಳು.

“ಇದು ಏನವ್ವ, ಖರೇ ಹೇಳು.”

“ಏನೂ ಅಲ್ರಿ ಅತ್ತಿ.”

“ಏನೂ ಅಲ್ಲದ್ದಕ್ಕ ಇಷ್ಟು ರಟ್ಟು ಬೇಕೇನು? ಬಣ್ಣರ ಹಚ್ಚಬಾರದಾ? ಒಂದೀಟು ಕೆಂಪು, ಒಂದೀಟು ಹಸರು?”

“ಬಣ್ಣ ಹಚ್ಚಿದ್ರ ನೆರಳು ಕಾಣಂಗಿಲ್ರಿ.”

ನೆರಳು ಕಾಣಲಿ ಎಂದು ಇಷ್ಟು ದುಡಿಯುವವರನ್ನು ಭೀಮಬಾಯಿ ನೋಡಿರಲಿಲ್ಲ. ಅಂಬಮ್ಮನಿಗೆ “ಆಫೀಸಿನ ಕೆಲಸ” ಎಂದು ಹೇಳಿ ಪಾರಾದಳು.

ಒಂದು ರೀತಿಯಲ್ಲಿ ಅದು ಸುಳ್ಳಲ್ಲ. ಕಮಲಾಪುರದಲ್ಲಿ ಬುದ್ಧ ವಿಹಾರಕ್ಕೆ ಹೊಂದಿಕೊಂಡು ಮಕ್ಕಳಿಗೆ ಓದುವ ಕೋಣೆಯೊಂದನ್ನು ಕಟ್ಟಿದ್ದರು. ತ್ರಿವೇಣಿಯ ಅಣ್ಣ ವಿವೇಕಾನಂದ ಕಮಿಟಿಯಲ್ಲಿ ಹಟ ಹಿಡಿದು ಅದರ ಉದ್ದನೆಯ ಗೋಡೆಯನ್ನು ತಂಗಿಗೆ ಕೊಡಿಸಿದ್ದ. ಬುದ್ಧ ಪೂರ್ಣಿಮೆಯ ದಿನ ಕೋಣೆ ಶುರುವಾಗುವುದು. ಆರು ಹಲಗೆ ಸೇರಿಸಿದರೆ ಆ ಗೋಡೆ ತುಂಬುತ್ತದೆ. ಅವನನ್ನು ಬಿಟ್ಟರೆ ತವರಿನಲ್ಲಿ ಇದನ್ನು ಒಪ್ಪಿದವರಿಲ್ಲ. ತ್ರಿವೇಣಿಯ ತಾಯಿ ಪುತಳಾಬಾಯಿ ಅಲ್ಲಿನ ಮಹಿಳಾ ಸಂಘದ ಮುಖ್ಯಸ್ಥೆ. ಅವಳ ಫೋನು ಬಂದರೆ ಮನೆಯವರಿಗೆಲ್ಲ ಕೇಳಿಸುತ್ತಿತ್ತು.

“ಭಗವಾನರ ಮುಖ ಒಂದು ಚಂದಾಗಿ ಬರಿ ಅಂದ್ರ ನೀ ರದ್ದಿ ಹಚ್ಚತೀನಿ ಅಂತಿ. ನಾಳಿ ಮಂದಿ ನನ್ನ ಮುಖ ನೋಡ್ತಾರವ್ವ.”

“ಯವ್ವ, ಹಚ್ಚಿದ ಮ್ಯಾಲ ನೋಡು.”

“ಹಚ್ಚಿದ ಮ್ಯಾಲ ನೋಡೋದೇನದ, ಹರಿಯೋದೇ.”

ಇತ್ತ ಭೀಮಬಾಯಿಯ ಮಗ ಆನಂದಕುಮಾರನದು ಇನ್ನೊಂದು ಚಿಂತೆ. ಅವನು ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮಾಯಾ ಈ ವರ್ಷ ಕಾಲೇಜು ಸೇರಬೇಕು. ಒಬ್ಬನ ಪಗಾರ ಎಲ್ಲಿಗೂ ಮುಟ್ಟುವುದಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ಪುಂಡಿಪಲ್ಯಕ್ಕೆ ರೊಟ್ಟಿ ಮುರಿಯುತ್ತ ಮಾತು ತೆಗೆದ.

“ಸೇಠ ಮತ್ತ ಕೇಳಿದ. ಸೀರಿ ಕೌಂಟರಿಗೆ ಹೆಣ್ಮಗಳು ಬೇಕಾಗ್ಯಾಳ. ಪೂರ್ಣಿಮಾ ತನಕ ದಾರಿ ನೋಡ್ತೀನಿ ಅಂದಾನ.”

“ನಾನೂ ಅಷ್ಟೇ ಹೇಳೀನಲ್ಲ,” ಎಂದಳು ತ್ರಿವೇಣಿ. “ಕಮಲಾಪುರದ ಗ್ವಾಡಿ ಮ್ಯಾಲ ಇದು ನಿಂತ್ರ ನಿಂತು. ಇಲ್ಲಂದ್ರ ಪಡಸಾಲಿ ಖಾಲಿ ಮಾಡಿ ನಿಮ್ಮ ಸೇಠನ ಅಂಗಡಿಗೆ ಬರ್ತೀನಿ. ಮತ್ತ ರಟ್ಟು ಮುಟ್ಟಂಗಿಲ್ಲ.”

“ಹಂಗ ಅನಬ್ಯಾಡ ತಾಯಿ,” ಮಹಾದೇವಪ್ಪ ತಟ್ಟೆಯಿಂದ ಮುಖ ಎತ್ತಿದ. “ಈ ಮನಿ ನಿಂತದ್ದೇ ರಟ್ಟಿನ ಮ್ಯಾಲ.”

“ನಿಮ್ಮ ರಟ್ಟಿಗೆ ಪಗಾರ ಬರ್ತಿತ್ತು ಅಪ್ಪಾ. ಇಕಿ ರಟ್ಟಿಗೆ ಅಂಟಿನ ಖರ್ಚೇ ಬರ್ತದ.”

“ಮಾತು ಸಾಕು, ಉಣ್ರಿ,” ಎಂದು ಭೀಮಬಾಯಿ ಎಲ್ಲರಿಗೂ ಇನ್ನೊಂದು ಸೌಟು ಬೇಳೆ ಬಡಿಸಿದಳು. ಒಳಗೊಳಗೆ ಮಗನ ಮಾತೇ ಸರಿ ಅನ್ನಿಸಿತ್ತು. ಸೀರೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ನಿಲ್ಲುವುದೇನು ಕಷ್ಟ? ಹೀಗೆ ಬೆನ್ನು ಬಗ್ಗಿಸಿ ಏನೂ ಅಲ್ಲದ್ದನ್ನು ಅಂಟಿಸುವುದಕ್ಕಿಂತ?

ಅತ್ತೆ ಸೊಸೆಗೆ ದಿನವೂ ಜಗಳ ಬರುತ್ತಿದ್ದದ್ದು ಟ್ಯೂಬ್‌ಲೈಟಿನ ಸಲುವಾಗಿ. ಪಡಸಾಲೆ ಮಬ್ಬಾಯಿತು, ಪಾಪ ಕಣ್ಣು ಹಾಳು ಮಾಡಿಕೊಳ್ಳುತ್ತಾಳೆ ಎಂದು ಭೀಮಬಾಯಿ ಲೈಟು ಹಾಕುವಳು. ತ್ರಿವೇಣಿ ಎದ್ದು ಬಂದು ಆರಿಸುವಳು.

“ಕಣ್ಣಿಗೆ ಕನ್ನಡಕ ಬೇಕಾಗ್ಯದೇನು ನಿನಗ?”

“ಲೈಟ್ ಹಾಕಿದ್ರ ಎಲ್ಲಾ ಸಪಾಟ ಕಾಣಸ್ತದ್ರಿ ಅತ್ತಿ. ಏರು ಎಷ್ಟು, ತಗ್ಗು ಎಷ್ಟು ತಿಳಿಯಂಗಿಲ್ಲ.”

“ನಿಮ್ಮ ಊರಾಗ ಕತ್ತಲಾಗೇ ಎಲ್ಲಾ ತಿಳೀತದೇನೋ.” ಭೀಮಬಾಯಿ ಗೊಣಗಿಕೊಂಡು ಅಡಿಗೆಮನೆಗೆ ಹೋಗುವಳು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ತ್ರಿವೇಣಿ ಮಾಯಾಳ ಜೊತೆ ಕಾಲೇಜಿನ ಅರ್ಜಿ ತರಲು ಹೋಗಿದ್ದಳು. ಮಹಾದೇವಪ್ಪ ಬೇವಿನ ಗಿಡದ ಕೆಳಗೆ ನಿದ್ದೆ ಹೊಡೆಯುತ್ತಿದ್ದ. ಭೀಮಬಾಯಿ ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿ, ಹಲಗೆಗಳ ನಡುವೆ ಇದ್ದಷ್ಟು ಜಾಗದಲ್ಲಿ ಅಡ್ಡಾದಳು. ಬಾಗಿಲು ಒಂದಿಷ್ಟೇ ತೆರೆದಿತ್ತು. ಸಂದಿಯಿಂದ ಬಂದ ಬಿಸಿಲು ನೆಲ ಹಾಯ್ದು, ಗೋಡೆಗೆ ಆನಿಸಿದ್ದ ನಾಲ್ಕನೆಯ ಹಲಗೆಯ ಮೇಲೆ ಅಡ್ಡವಾಗಿ ಬಿತ್ತು.

ಅವಳು ಮೊದಲು ಬೇರೇನೋ ಎಂದುಕೊಂಡಳು. ದಿನವೂ ಕಸ ಹೊಡೆಯುವಾಗ ಸರಿಸಿಡುತ್ತಿದ್ದ ಆ ಬಿಳೀ ರಟ್ಟು ಇದಲ್ಲ. ಒಂದೊಂದು ಏರಿನ ಹಿಂದೆಯೂ ಕಪ್ಪು ನಿಂತಿತ್ತು. ತಗ್ಗುಗಳು ಬಾವಿಯಷ್ಟು ಆಳವಾಗಿದ್ದವು. ಸುಲಿದ ಕಾಗದದ ಅಲೆಗಳು ಒಂದರ ಬೆನ್ನಿಗೊಂದು ಬರುತ್ತ, ನಡುವೆ ಒಂದು ಕಡೆ ತಡೆದು, ತಿರುಗಿ, ಮತ್ತೆ ಹೊರಟಿದ್ದವು. ಎಲ್ಲಿಗೆ ಹೊರಟಿವೆ ಎಂದು ನೋಡುತ್ತ ಅವಳ ಕಣ್ಣೂ ಹೋಯಿತು. ಬಿಸಿಲು ಸ್ವಲ್ಪ ಸರಿಯಿತು. ನೆರಳುಗಳು ಉದ್ದವಾದವು. ಇಡೀ ಹಲಗೆ ಉಸಿರು ಎಳೆದುಕೊಂಡ ಹಾಗೆ ಕಂಡಿತು. ಭೀಮಬಾಯಿ ಸೆಕೆ ಮರೆತಳು. ತಾನು ಏನನ್ನು ನೋಡುತ್ತಿದ್ದೇನೆ ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆದರೆ ಯಾರಾದರೂ ಬಂದು ಕರೆದರೆ ಸಿಟ್ಟು ಬರುತ್ತಿತ್ತು ಎಂಬುದು ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಬೆಳಿಗ್ಗೆ ತಾನೇ ಹಾಕಿ ಮರೆತಿದ್ದ ಟ್ಯೂಬ್‌ಲೈಟು ಪಟಪಟ ಬಡಿದು ಹತ್ತಿಕೊಂಡಿತು. ಎದುರಿಗೆ ಮತ್ತೆ ಅದೇ ಸಪ್ಪೆ ಬಿಳೀ ರಟ್ಟು. ಭೀಮಬಾಯಿ ಎದ್ದು ಹೋಗಿ ಲೈಟು ಆರಿಸಿ, ಬಾಗಿಲನ್ನು ಮೊದಲಿನಷ್ಟೇ ಓರೆ ಮಾಡಿ, ಬಂದು ಮಲಗಿದಳು. ಯಾರಿಗೂ ಹೇಳಲಿಲ್ಲ. ಅಂದಿನಿಂದ ಟ್ಯೂಬ್‌ಲೈಟಿನ ಜಗಳ ನಿಂತಿತು.

ಪೂರ್ಣಿಮೆ ಹತ್ತಿರವಾದಾಗ ನಾಲ್ಕು ಹಲಗೆ ಮುಗಿದಿದ್ದವು. ಅಂಟು ಪೂರ್ತಿ ಆರಲಿ ಎಂದು ತ್ರಿವೇಣಿ ಅವನ್ನು ಮಾಳಿಗೆಯ ಮೇಲೆ ಒಯ್ದಿಟ್ಟು, ಉಳಿದ ಎರಡಕ್ಕೆ ಬಿಳಿ ಬಣ್ಣ ತರಲು ಸೂಪರ್ ಮಾರ್ಕೆಟ್ಟಿಗೆ ಹೊರಟಳು. ಸಂತೆಯೂ ಆಗಲಿ ಎಂದು ಭೀಮಬಾಯಿ ಜೊತೆಗೆ ಹೋದಳು. ಬದನೆಕಾಯಿ ಆರಿಸುತ್ತಿರುವಾಗ ಗಾಳಿ ಎದ್ದಿತು. ಅಂಗಡಿಗಳ ತಾಡಪತ್ರಿಗಳು ಹಾರಾಡಿದವು. ನಡುಬೇಸಿಗೆಯಲ್ಲಿ ಕರೆಯದೆ ಬರುವ ಮಳೆ, ಬಂದರೆ ಆಲಿಕಲ್ಲನ್ನೂ ತರುತ್ತದೆ. ತ್ರಿವೇಣಿ ಬಣ್ಣದ ಡಬ್ಬಿ ಎದೆಗವಚಿಕೊಂಡು ಆಟೋ ಹಿಡಿದಳು. ಭೀಮಬಾಯಿ ಖಾಲಿ ಚೀಲ ಹಿಡಿದು ಹಿಂದೆಯೇ ಹತ್ತಿದಳು.

ಮನೆ ಮುಟ್ಟಿದಾಗ ಮಹಾದೇವಪ್ಪ ತೊಯ್ದ ಅಂಗಿಯಲ್ಲಿ ಬಾಗಿಲಲ್ಲೇ ನಿಂತಿದ್ದ. ಮುಖದ ತುಂಬ ಗೆಲುವು.

“ಫಿಕರ್ ಮಾಡಬ್ಯಾಡ ತಾಯಿ. ನಾಕೂ ಕೆಳಗ ತಂದೀನಿ. ಜರಾ ತೊಯ್ದಾವ, ಅಷ್ಟೇ. ಹಸಿ ರಟ್ಟು ಬಿಟ್ರ ದೋಣಿ ಆಗಿ ಕೂಡತದ. ಅದಕ್ಕ ಭಾರ ಇಟ್ಟೀನಿ.”

“ಭಾರ?” ಎಂದಳು ತ್ರಿವೇಣಿ.

ಒಳಕೋಣೆಯಲ್ಲಿ ಅವನು ನಾಲ್ಕೂ ಹಲಗೆಗಳನ್ನು ಬೋರಲು ಮಲಗಿಸಿದ್ದ. ಏರುಗಳಿಗೆ ನೋವಾಗದಿರಲಿ ಎಂದು ನಡುನಡುವೆ ಹಾಸಿಗೆ, ರಗ್ಗು, ಭೀಮಬಾಯಿಯ ಎರಡು ಸೀರೆ ಕೂಡ ಹಾಸಿದ್ದ. ಮೇಲೆ ಮಂಚದ ಹಲಗೆ. ಅದರ ಮೇಲೆ ಜೋಳದ ಚೀಲ. ಚೀಲದ ಮೇಲೆ ಬೀಸುವ ಕಲ್ಲು. ಕಾರ್ಖಾನೆಯಲ್ಲಿ ಹಸಿ ಹಾಳೆಯನ್ನು ಉಳಿಸಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಬಾಳೆಲ್ಲ ಮಾಡಿದ ಕೆಲಸವನ್ನು ಕೈ ತಾನೇ ಮಾಡಿತ್ತು.

ಕಲ್ಲು ಇಳಿಸಿ, ಚೀಲ ಸರಿಸಿ, ಒಂದೊಂದಾಗಿ ಹಲಗೆ ತಿರುವಿದರು. ಮೇಲಿನ ಮೂರರಲ್ಲಿ ಅಂಚುಗಳಷ್ಟೇ ನಲುಗಿದ್ದವು. ನಾಲ್ಕನೆಯದು ಎಲ್ಲಕ್ಕಿಂತ ಕೆಳಗಿತ್ತು. ಅದರ ಏರುಗಳೆಲ್ಲ ಒಂದೇ ಮಗ್ಗುಲಿಗೆ ಮುರಿದು ಮಲಗಿದ್ದವು. ಭೀಮಬಾಯಿ ಮಧ್ಯಾಹ್ನವಿಡೀ ನೋಡಿದ್ದ ಆ ಅಲೆ, ತಿರುವು, ಯಾವುದೂ ಇರಲಿಲ್ಲ. ತನ್ನದೇ ಏನೋ ಹೋದ ಹಾಗೆ ಅವಳಿಗೆ ಅನ್ನಿಸಿತು.

“ಜಲ್ಮ ಎಲ್ಲಾ ಒತ್ತಿ ಒತ್ತಿ ನಿಮಗ ಅದೊಂದೇ ಗೊತ್ತದ,” ಎಂದು ಗಂಡನ ಮೇಲೆ ಹರಿಹಾಯ್ದಳು. “ಎತ್ತಿ ಮಾಡಿದ್ದನ್ನೂ ಒತ್ತಬೇಕೇನು? ಕಣ್ಣು ಎಲ್ಲಿಟ್ಟಿದ್ರಿ?”

ಮಹಾದೇವಪ್ಪ ತೊಯ್ದ ಅಂಗಿಯಲ್ಲೇ ಕಟ್ಟೆಯ ಮೇಲೆ ಹೋಗಿ ಕೂತ. ಅಂಗಡಿಯಿಂದ ಬಂದ ಆನಂದಕುಮಾರ ಎಲ್ಲವನ್ನೂ ಕೇಳಿ, ಹೆಂಡತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಅಂದ, “ಆಗಿದ್ದು ಆತು. ಇನ್ನು ಬಿಡು ತ್ರಿವೇಣಿ. ಕೈ ನೋಡಿಕೋ ಹ್ಯಾಂಗ ಆಗ್ಯಾವ. ಸೇಠಗ ನಾಳಿ ಹೇಳ್ತೀನಿ.”

“ಪೂರ್ಣಿಮಾ ನಾಳಿ ಅಲ್ಲಲ್ಲ,” ಎಂದಳು ಅವಳು. ಅಷ್ಟೇ. ಎದ್ದು ರೊಟ್ಟಿಯ ಹಿಟ್ಟು ಕಲಸಲು ಹೋದಳು. ಆ ದಿನದ ರೊಟ್ಟಿಗಳು ಎಂದಿಗಿಂತ ತೆಳ್ಳಗಿದ್ದವು. ಮಹಾದೇವಪ್ಪ ಮಾತ್ರ ಹಸಿವಿಲ್ಲ ಎಂದ.

ಬೆಳಿಗ್ಗೆ ಭೀಮಬಾಯಿ ಚಹಾ ಇಡಲು ಎದ್ದಾಗ ತ್ರಿವೇಣಿ ಪಡಸಾಲೆಯಲ್ಲಿದ್ದಳು. ನಾಲ್ಕನೆಯ ಹಲಗೆಯನ್ನು ಬಾಗಿಲ ಓರೆಗೆ ನಿಲ್ಲಿಸಿ, ಅದರ ಮುಂದೆ ಕೈಕಟ್ಟಿ ಕೂತಿದ್ದಳು. ಅಳುತ್ತಿದ್ದಾಳೆ ಎಂದು ಭೀಮಬಾಯಿ ಸದ್ದಿಲ್ಲದೆ ಹತ್ತಿರ ಹೋದಳು. ಅಳುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನೋಡುತ್ತಿದ್ದಳು.

“ಅತ್ತಿ, ಇದು ನೋಡ್ರಿ. ಇಲ್ಲಿ ಹೆಂಗ ಮಲಗ್ಯಾವ. ನಾ ಕುಂತು ಮಾಡಿದ್ರ ಹಿಂಗ ಬರ್ತಿದ್ದಿಲ್ಲ.”

“ಮುರದಾವಲ್ಲವ್ವ.”

“ಹ್ಞೂಂ. ಮುರದದ್ದು ಮುರದಂಗೇ ಇರ್ಲಿ. ಇದರ ನಡುವ ಕೆಲವು ನಿಂದರಸ್ತೀನಿ.”

ಆಮೇಲೆ ಅವಳು ಕಟ್ಟೆಗೆ ಹೋದಳು. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ರಾತ್ರಿಯ ರೊಟ್ಟಿ, ಶೇಂಗಾ ಹಿಂಡಿ.

“ಮಾವ, ತಿನ್ರಿ. ಹಲಗಿ ಬೆನ್ನು ನೋಡೀನಿ. ಒಂದೂ ಸೊಟ್ಟಾಗಿಲ್ಲ. ನೀವು ಭಾರ ಇಡದಿದ್ರ ಬೆನ್ನೇ ಹೋಗ್ತಿತ್ತು, ಅವನ್ನ ಒಲಿಗೇ ಹಾಕಬೇಕಿತ್ತು.”

ಮುದುಕ ಅವಳ ಮುಖ ನೋಡಿದ.

“ಉಳಿದ ಎರಡಕ್ಕೂ ನಿಮ್ಮ ಕೈ ಬೇಕಾಗ್ಯದ. ಎಲ್ಲಿ ಒತ್ತಬೇಕು ನಾ ಹೇಳ್ತೀನಿ. ಎಷ್ಟು ಭಾರ, ಎಷ್ಟು ಹೊತ್ತು, ಅದು ನಿಮಗ ಗೊತ್ತದ.”

ಅವನು ರೊಟ್ಟಿ ಮುರಿದ. ಬಾಗಿಲ ಹಿಂದೆ ನಿಂತಿದ್ದ ಭೀಮಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ತನ್ನ ಕೆಲಸ ಹಾಳು ಮಾಡಿದವನನ್ನು ಕರೆದು ಅದೇ ಕೆಲಸಕ್ಕೆ ಕೂಡಿಸಿಕೊಳ್ಳುವ ಎದೆ ಎಷ್ಟು ಮಂದಿಗಿದೆ? ತನಗಂತೂ ಇಲ್ಲ. ಗಂಡ ಸೀರೆ ಹಾಸಿದ್ದಕ್ಕೇ ಇನ್ನೂ ಸಿಟ್ಟಿತ್ತು.

ಅವತ್ತಿನಿಂದ ಅಡಿಗೆಮನೆ ಭೀಮಬಾಯಿಯ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ಅವಳೇ ಲಟ್ಟಣಿಗೆ ಎತ್ತಿಕೊಂಡಳು. ಮಾಯಾ ಪೇಪರು ಹರಿದು ನೆನೆಹಾಕಿದಳು. ಮಾವ ಸೊಸೆ ಪಡಸಾಲೆಯಲ್ಲಿ ಕೂತು ವಾದ ಮಾಡುವುದು ಓಣಿಗೆ ಕೇಳುತ್ತಿತ್ತು.

“ಇಷ್ಟು ಸಾಕೇನು?”

“ಇನ್ನೂ ಜರಾ ಮಾವ. ಸಾಯಬಾರದು, ಬಾಗಬೇಕಷ್ಟೇ.”

“ನಮ್ಮ ಕಾರ್ಖಾನ್ಯಾಗ ಹಿಂಗ ಒತ್ತಿದ್ರ ಮಾಲಕ ಮನಿಗೆ ಕಳಸ್ತಿದ್ದ.”

“ಇಲ್ಲಿ ಮಾಲಕಿ ಊಟಕ್ಕ ಕರೀತಾಳ, ಏಳ್ರಿ,” ಎಂದು ಒಳಗಿನಿಂದ ಭೀಮಬಾಯಿ ಕೂಗುವಳು.

ಆನಂದಕುಮಾರ ಬಂದು ಹೋಗುವಾಗ ಸುಮ್ಮನೆ ದಾಟಿಕೊಂಡು ಹೋಗುತ್ತಿದ್ದ. ಒಂದು ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಹಲಗೆಯ ಮುಂದೆ ನಿಂತ. ಮರುದಿನ ತನ್ನ ಗೆಳೆಯ ಮೈಬೂಬನ ಟಂಟಂ ಗಾಡಿಯನ್ನು ಕಮಲಾಪುರಕ್ಕೆ ಮಾತಾಡಿ ಬಂದ.

ಪೂರ್ಣಿಮೆಯ ಬೆಳಿಗ್ಗೆ ಆರೂ ಹಲಗೆಗಳನ್ನು ರಗ್ಗಿನಲ್ಲಿ ಸುತ್ತಿ ಗಾಡಿಗೆ ಏರಿಸಿದರು. ಎಲ್ಲರೂ ಬಿಳಿ ಬಟ್ಟೆ ಉಟ್ಟಿದ್ದರು. ಮೈಬೂಬ ಸುತ್ತ ಒಂದು ಸಲ ನೋಡಿ, “ಕ್ಯಾ ಭಾಯಿ, ಒಳಗ ಮದಲಗಿತ್ತಿ ಅದಾಳೇನು? ಇಷ್ಟು ಮೆತ್ತಗ ಇಟ್ಟೀರಿ,” ಎಂದ.

“ಗುಂಡಿ ನೋಡಿ ಹೊಡಿ ಮೈಬೂಬ,” ಎಂದಳು ಭೀಮಬಾಯಿ. “ಒಂದು ಏರು ಮುರೀತಂದ್ರ ನಿನ್ನ ಗಾಡಿ ಮ್ಯಾಲ ಬೀಸುವ ಕಲ್ಲು ಇಡಸ್ತೀನಿ.”

ಮಹಾದೇವಪ್ಪ ನಕ್ಕ. ಮಳೆಯ ದಿನದ ನಂತರ ಅವನು ನಕ್ಕದ್ದು ಅದೇ ಮೊದಲು.

ಕಮಲಾಪುರದ ಕೆಂಪು ಮಣ್ಣು, ರಸ್ತೆ ಬದಿಯ ಕೆಂಪು ಬಾಳೆಯ ಗೊನೆಗಳನ್ನು ದಾಟಿ ವಿಹಾರ ಮುಟ್ಟಿದರು. ಮಧ್ಯಾಹ್ನದೊಳಗೆ ವಿವೇಕಾನಂದನೂ ಆನಂದಕುಮಾರನೂ ಸೇರಿ ಹಲಗೆಗಳನ್ನು ಗೋಡೆಗೆ ಕೂರಿಸಿದರು. ಸಂಜೆ ವಂದನೆ ಮುಗಿಸಿಕೊಂಡು ಜನ ಓದುವ ಕೋಣೆಗೆ ಬಂದರು. ಬಾಗಿಲಲ್ಲೇ ಪುತಳಾಬಾಯಿ ನಿಂತಿದ್ದಳು. ಮಹಿಳಾ ಸಂಘದವರು ವಂತಿಗೆ ಕೂಡಿಸಿ ಕೋಣೆಗೆ ಉದ್ದನೆಯ ಟ್ಯೂಬ್‌ಲೈಟುಗಳನ್ನು ಕೊಟ್ಟಿದ್ದರು. ಸಂಘದ ಹೆಸರು ಬರೆದ ಆ ಲೈಟುಗಳು ಗೋಡೆಗೆ ನೇರ ಎದುರಿಗೇ ಸಾಲಾಗಿದ್ದವು. ಪುತಳಾಬಾಯಿ ಹೆಮ್ಮೆಯಿಂದ ಎಲ್ಲ ಗುಂಡಿಗಳನ್ನೂ ಒಮ್ಮೆಲೇ ಒತ್ತಿದಳು.

ಕೋಣೆ ಬೆಳ್ಳಗಾಯಿತು. ಗೋಡೆ ಸತ್ತುಹೋಯಿತು. ಗಿಲಾವು ಸರಿಯಾಗಿ ಮಾಡದ ಗೋಡೆಯ ಹಾಗೆ ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು. ಜನ ನೋಡಿದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಹಿಂದಿನಿಂದ ಯಾರೋ, “ಇನ್ನೂ ಕೆಲಸ ಬಾಕಿ ಅದೇನು?” ಎಂದರು.

“ನಾ ಹೇಳಿದ್ದಿಲ್ಲೇನು?” ಪುತಳಾಬಾಯಿ ಮಗನಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. “ಮುಖ ಬರಿ ಅಂದಿದ್ದೆ.”

ಭೀಮಬಾಯಿ ಸೊಸೆಯನ್ನು ಹುಡುಕಿದಳು. ತ್ರಿವೇಣಿ ಮೂಲೆಯಲ್ಲಿ ನಿಂತಿದ್ದಳು. ಅಂಟು ಹತ್ತಿ ಒರಟಾದ ಬೆರಳುಗಳನ್ನು ಬಿಳಿ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅವಳಿಗೆ ಕಾರಣ ಗೊತ್ತಿತ್ತು. ಆದರೆ ತಾಯಿಯ ಸಂಘ ಕೊಟ್ಟ ದೀಪವನ್ನು, ಊರೆಲ್ಲ ನಿಂತಿರುವಾಗ, ಶುಭದಿನ, ಆರಿಸು ಎನ್ನುವುದು ಹೇಗೆ? ಅವಳ ಗಂಡನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

ಭೀಮಬಾಯಿ ಜನರನ್ನು ಸರಿಸಿಕೊಂಡು ಹೋಗಿ ಲೈಟುಗಳನ್ನು ಒಂದೊಂದಾಗಿ ಆರಿಸಿದಳು.

“ಬೀಗ್ತಿ, ಯಾಕ ಆರಸಿದ್ರಿ?” ಪುತಳಾಬಾಯಿಯ ದನಿ ಏರಿತು. “ಇವತ್ತ ಹಚ್ಚಿದ ದೀಪ.”

“ಆಮ್ಯಾಲ ನೀವೇ ಹಚ್ರಿ. ಜರಾ ತಡೀರಿ, ಕಣ್ಣು ಹೊಂದಲಿ. ಏ ಮಾಯಾ, ಆ ಪಡುವಲ ಕಿಡಕಿ ತೆಗಿ.”

ಮಾಯಾ ಕಿಟಕಿ ತೆಗೆದಳು. ಮುಳುಗುವ ಬಿಸಿಲು ಗೋಡೆಯ ಉದ್ದಕ್ಕೂ ಅಡ್ಡ ಹರಿಯಿತು. ಮೊದಲ ಹಲಗೆಯ ಅಂಚು ಎದ್ದಿತು. ಅದರ ನೆರಳು ಎರಡನೆಯದಕ್ಕೆ ಚಾಚಿತು. ಒಂದೊಂದೇ ಏರು ಎದ್ದು, ನಾಲ್ಕನೆಯ ಹಲಗೆಗೆ ಬಂದಾಗ ಎಲ್ಲವೂ ಒಟ್ಟಿಗೆ ಬಾಗಿ, ನೆಲಕಚ್ಚಿ, ಅದರ ನಡುವಿನಿಂದಲೇ ಕೆಲವು ನೆಟ್ಟಗೆ ನಿಂತು, ಮುಂದಿನ ಹಲಗೆಗೆ ದಾಟಿಕೊಂಡವು. ಬಿಳಿಯೆಲ್ಲ ಬಿಸಿಲಿನ ಕೆಂಪಾಯಿತು. ಮುಂದೆ ಇದ್ದ ಮುದುಕಿಯೊಬ್ಬಳು ಕೈ ಚಾಚಿ, ಮುಟ್ಟದೆ, ಗಾಳಿಯಲ್ಲೇ ಅದರ ಮೇಲೆ ಕೈಯಾಡಿಸಿದಳು. ಮಹಾದೇವಪ್ಪ ನಾಲ್ಕನೆಯ ಹಲಗೆಯ ಎದುರು ನಿಂತವನು ಟೊಪ್ಪಿಗೆ ತೆಗೆದ.

ಪುತಳಾಬಾಯಿ ಗೋಡೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದಳು.

“ಇದು ಏನ್ರಿ, ಬೀಗ್ತಿ?” ಎಂದಳು ಕೊನೆಗೆ. ದನಿ ಇಳಿದಿತ್ತು.

“ಏನೂ ಅಲ್ಲ ಅಂತಾಳ್ರಿ ನನ್ನ ಸೊಸಿ. ನಾನೂ ಭಾಳ ಸಲ ಕೇಳೀನಿ.” ಭೀಮಬಾಯಿ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು. “ಇಲ್ಲಿ ನಿಂತು ನೋಡ್ರಿ. ಇಲ್ಲಿಂದ ಚಲೋ ಕಾಣಸ್ತದ.”

ಬಾಗಿಲ ಹೊರಗೆ ಆನಂದಕುಮಾರ ಫೋನಿನಲ್ಲಿ ಮಾತಾಡುತ್ತಿದ್ದ. “ಇಲ್ಲ ಸೇಠಜಿ, ಬೇರೆ ಯಾರನರ ನೋಡ್ರಿ. ಅಕಿಗೆ ಕೆಲಸ ಅದ... ಹೌದ್ರಿ, ಮನ್ಯಾಗೇ.”

ಅತ್ತಲಿಂದ ಊಟ ಬಡಿಸುವವರು ಬಂದರು. ಎಲೆ ಹಾಕಬೇಕು, ಕತ್ತಲಾಗುತ್ತಿದೆ, ಲೈಟು ಹಾಕಿರಿ ಎಂದರು. ಭೀಮಬಾಯಿ ಗುಂಡಿಗಳ ಮೇಲೆ ಅಂಗೈ ಊರಿ ನಿಂತೇ ಇದ್ದಳು.

“ಬಿಸಿಲು ಪೂರಾ ಹೋಗ್ಲಿ ತಡೀರಿ,” ಎಂದಳು. “ಅನ್ನ ಎಲ್ಲಿ ಓಡಿ ಹೋಗತದ.”